ಅಬ್ಬಾಸ್ ಮೇಸ್ತ್ರಿಯ ಜಾಯಿಂಟು

ಭದ್ರಾವತಿ ಹೊಸಮನೆಯ ಅಬ್ಬಾಸ್ ಅಲಿಯವರಿಗೆ ಮದುವೆಮನೆಯ ಊಟ ಸೇರುವುದಿಲ್ಲ. ತಪ್ಪು ಬಿರಿಯಾನಿಯದಲ್ಲ, ಶಾಮಿಯಾನದವರ ವೈರಿಂಗಿನದು. ತಟ್ಟೆಯ ಮುಂದೆ ಕೂತು ತಲೆ ಎತ್ತಿದರೆ ಸಾಕು, ಎರಡು ವೈರುಗಳನ್ನು ಹೇಗೋ ತಿರುಚಿ ಮೇಲೊಂದು ಸುತ್ತು ಟೇಪು ಹಾಕಿ ಬಿಟ್ಟಿರುವುದು ಕಣ್ಣಿಗೆ ಬೀಳುತ್ತದೆ. "ಥೂ, ಇದೂ ಒಂದು ಜಾಯಿಂಟಾ" ಎಂದು ಅರ್ಧ ತಟ್ಟೆ ಬಿಟ್ಟು ಎದ್ದುಬಿಡುತ್ತಾರೆ. ಹೆಂಡತಿ ಜೈನಾಬಿ ಈಗೀಗ ಅವರನ್ನು ಕಂಬಕ್ಕೆ ಬೆನ್ನು ಮಾಡಿಸಿ ಕೂರಿಸುವುದನ್ನು ಕಲಿತಿದ್ದಾರೆ.

ಐವತ್ತೇಳು ವರ್ಷದ ಮನುಷ್ಯ. ಪಂಪ್‌ಸೆಟ್ ಮೋಟಾರುಗಳ ರಿವೈಂಡಿಂಗ್ ಅಂಗಡಿ ಇಟ್ಟು ಮೂವತ್ತೆರಡು ವರ್ಷ. ಸುಟ್ಟ ಮೋಟಾರು ಹೊತ್ತು ತಂದವರಿಗೆ ಅಲ್ಲಿ ಮೊದಲು ಸಿಗುವುದು ರಿಪೇರಿಯಲ್ಲ, ಹಿಂದೆ ಅದನ್ನು ಕಟ್ಟಿದವನ ಬಗ್ಗೆ ಹತ್ತು ನಿಮಿಷದ ಉಪನ್ಯಾಸ. ಆದರೂ ಜನ ಬರುತ್ತಾರೆ, ಯಾಕೆಂದರೆ ಅಬ್ಬಾಸ್ ಕಟ್ಟಿದ ಮೋಟಾರು ಇನ್ನೊಂದು ಸಲ ಬರುವುದಿಲ್ಲ. ತೋಟದ ಸಾಹುಕಾರರಿಂದ ಹಿಡಿದು ಲೈನ್‌ಮನ್‌ವರೆಗೆ ಎಲ್ಲರಿಗೂ ಅವರು "ಮೇಸ್ತ್ರಿ". ತಾವು ಮೇಸ್ತ್ರಿ ಎಂಬುದು ಅವರಿಗೂ ಗೊತ್ತು. ಸ್ವಲ್ಪ ಜಾಸ್ತಿಯೇ ಗೊತ್ತು.

ಅಂಥ ಅಂಗಡಿಗೆ ಹೋದ ತಿಂಗಳು ಶಿವಮೊಗ್ಗದ ದುರ್ಗಿಗುಡಿಯಿಂದ ಷಡಕ್ಷರಪ್ಪನವರು ಬಂದರು. ನಿವೃತ್ತ ಹೆಡ್‌ಮಾಸ್ಟರು. ಎರಡು ವರ್ಷದ ಹಿಂದೆ ಪರೀಕ್ಷೆ ಕಟ್ಟಿ ಹ್ಯಾಮ್ ರೇಡಿಯೊ ಲೈಸೆನ್ಸು ತೆಗೆದುಕೊಂಡವರು. ಅಂದರೆ ಸ್ವಂತದ್ದೊಂದು ಸೆಟ್ಟು ಇಟ್ಟುಕೊಂಡು, ಫೋನೂ ಇಂಟರ್ನೆಟ್ಟೂ ಇಲ್ಲದೆ, ಬರೀ ಗಾಳಿಯ ಮೇಲೆ ಊರೂರಿನವರ ಜೊತೆ ಮಾತಾಡುವ ಹವ್ಯಾಸ. ಸರ್ಕಾರ ಕೊಟ್ಟ ಕಾಲ್‌ಸೈನನ್ನು, ಅಂದರೆ ಗಾಳಿಯ ಮೇಲೆ ಗುರುತು ಹೇಳುವ ಅಕ್ಷರ-ಅಂಕಿಗಳನ್ನು, ಅವರು ಮನೆಯ ಗೇಟಿನ ಮೇಲೆ, ಸ್ಕೂಟರಿನ ಮೇಲೆ, ಕೊನೆಗೆ ಮೊಮ್ಮಗಳ ನಾಮಕರಣದ ಆಮಂತ್ರಣದಲ್ಲಿ ತಮ್ಮ ಹೆಸರಿನ ಪಕ್ಕದಲ್ಲೂ ಹಾಕಿಸಿದ್ದರು.

ಆ ದಿನ ಅವರ ಚೀಲದಲ್ಲಿದ್ದದ್ದು ಬಯಲಿನಲ್ಲಿ ಕಟ್ಟಿ, ಬಿಚ್ಚಿ, ಸುತ್ತಿಕೊಂಡು ಹೋಗಬಹುದಾದ ಒಂದು ತಂತಿಯ ಆಂಟೆನಾ.

"ಪುಸ್ತಕದ ಪ್ರಕಾರ ಇಂಚಿಂಚೂ ಅಳೆದು ಮಾಡಿದೀನಿ. ಆದ್ರೂ ಸೆಟ್ ಒಪ್ತಿಲ್ಲ. ಗಾಂಧಿ ಬಜಾರಿನವನು ಡೂಪ್ಲಿಕೇಟ್ ತಾಮ್ರ ಕೊಟ್ಟಿರಬೇಕು."

ಅಬ್ಬಾಸ್ ತಂತಿಯ ತುದಿ ಎತ್ತಿ ನೋಡಿದರು. ಅನ್ನದಲ್ಲಿ ಕೂದಲು ಸಿಕ್ಕವರ ಹಾಗೆ ಮುಖ ಕಿವುಚಿದರು.

"ತಾಮ್ರ ಚೆನ್ನಾಗೇ ಇದೆ ಸಾರ್. ಇದರ ಮೇಲೆ ಎನಾಮಲ್ ಇರುತ್ತೆ, ವಾರ್ನಿಷ್ ಥರ. ಅದನ್ನ ಕೆರೆದು ಬೆಸುಗೆ ಹಾಕಬೇಕು. ನೀವು ಹಸೂಗೆ ಹಗ್ಗ ಕಟ್ಟಿದಂಗೆ ಗಂಟು ಹಾಕಿದೀರ. ಕರೆಂಟು ಎಲ್ಲಿಂದ ಹೋಗ್ಬೇಕು?"

"ಥಿಯರೀಲಿ ಅದು ಗೊತ್ತಿತ್ತು," ಎಂದರು ಮಾಸ್ಟರು.

ಅದನ್ನು ಹಾಗೇ ಬಿಡುವುದು ಅಬ್ಬಾಸರ ಕೈಲಾಗುವ ಮಾತಾಗಿರಲಿಲ್ಲ. ಎರಡು ದಿನ ಮೋಟಾರುಗಳನ್ನು ಪಕ್ಕಕ್ಕಿಟ್ಟು ಹೊಸದಾಗಿ ಮಾಡಿದರು. ನಡುವೆ ಕೇಬಲ್ಲು, ಆ ಕಡೆ ಈ ಕಡೆ ಹತ್ತತ್ತು ಮೀಟರ್ ತಂತಿ. ಒಂದೊಂದು ಕಡೆಯೂ ಅರ್ಧಕ್ಕೆ ತಂತಿ ಕತ್ತರಿಸಿ, ಆ ಜಾಗಕ್ಕೊಂದು ಹಲ್ಲಿರುವ ಕ್ರೊಕೊಡೈಲ್ ಕ್ಲಿಪ್ಪು. ಕ್ಲಿಪ್ಪು ಕಚ್ಚಿಸಿದರೆ ಪೂರ್ತಿ ತಂತಿ, ಅದು ರೇಡಿಯೊ ಅಲೆಯ ಉದ್ದದ ಲೆಕ್ಕದಲ್ಲಿ ನಲವತ್ತು ಮೀಟರ್ ಬ್ಯಾಂಡು, ಹತ್ತಿರದ ಊರುಗಳಿಗೆ. ಎರಡೂ ಕಡೆ ಬಿಚ್ಚಿದರೆ ಅರ್ಧ ತಂತಿ, ಅದು ಇಪ್ಪತ್ತು ಮೀಟರ್ ಬ್ಯಾಂಡು, ದೂರದ ದೇಶಗಳಿಗೆ. ಒಂದೊಂದು ಜಾಯಿಂಟನ್ನೂ ಕೆರೆದು, ಬೆಸೆದು, ಊದಿ, ಬೆಳಕಿಗೆ ಹಿಡಿದು ನೋಡಿದರು.

ಮಾಸ್ಟರಿಗೆ ಕಣ್ಣು ತುಂಬಿ ಬಂತು. "ಅಬ್ಬಾಸ್ ಭಾಯ್, ಭಾನುವಾರ ಸಕ್ರೆಬೈಲು ರಸ್ತೇಲಿ ತುಂಗೆ ಪಕ್ಕದ ಬಯಲಲ್ಲಿ ಕಟ್ಟೋಣ. ನೀವೂ ಬನ್ನಿ. ನಿಮ್ಮ ಹೆಸರನ್ನ ನಾನು ಗಾಳೀಲಿ ಹೇಳ್ತೀನಿ. ದೇಶ ಕೇಳಿಸ್ಕೊಳ್ಳುತ್ತೆ."

ಮೂವತ್ತೆರಡು ವರ್ಷದಲ್ಲಿ ಅಬ್ಬಾಸರ ಕೆಲಸವೆಲ್ಲ ಬೋರ್‌ವೆಲ್ಲಿನ ಆಳದಲ್ಲೇ ಹೋಗಿ ಕೂತಿತ್ತು. ಒಮ್ಮೆಯಾದರೂ ಅದರ ಜೊತೆ ತಮ್ಮ ಹೆಸರು ನೆಲದ ಮೇಲೆ, ಗಾಳಿಯಲ್ಲಿ ಹೋಗುತ್ತದೆ ಎನ್ನುವುದು ಅವರಿಗೆ ನಿದ್ದೆ ಕೆಡಿಸುವಷ್ಟು ಹಿಡಿಸಿತು. ಜೈನಾಬಿಗೆ ಹೇಳಿದರು. ಜೈನಾಬಿ ಬೀದಿಗೆ ಹೇಳಿ, ಈದ್‌ಗೆ ಹೊಲಿಸಿದ್ದ ಬಿಳಿ ಶರ್ಟನ್ನು ಇಸ್ತ್ರಿ ಮಾಡಿಟ್ಟರು.

ಭಾನುವಾರ ಬೆಳಿಗ್ಗೆ ಬಯಲು ನೋಡಿದ ಕೂಡಲೇ ಅಬ್ಬಾಸ್ ಪ್ಯಾಂಟಿನ ಕಾಲು ಮಡಿಸಿಕೊಂಡರು. ಹತ್ತಿರದ ಬಿಡಾರದಲ್ಲಿ ಆನೆ ನೋಡಲು ಬಂದವರು ಬಿಟ್ಟುಹೋದ ಪೇಪರ್ ತಟ್ಟೆ, ಬಾಟಲಿ, ಎಂಜಲು. ಕಾಲಿಡಲು ಜಾಗ ಹುಡುಕಿ ಹುಡುಕಿ ಗಾಳದ ಉದ್ದನೆಯ ಕೋಲನ್ನು ನಿಲ್ಲಿಸಿದರು. ಅದರ ತಲೆಯಿಂದ ತಂತಿಯನ್ನು ಮನೆಯ ಮಾಡಿನ ಹಾಗೆ ಎರಡೂ ಕಡೆ ಇಳಿಸಿ, ಹಗ್ಗ ಕಟ್ಟಿ ಗೂಟಕ್ಕೆ ಬಿಗಿದರು. ತಂತಿ ಮೇಲೇರುವ ಮೊದಲೇ ಮಾಸ್ಟರು ಮಡಿಸುವ ಕುರ್ಚಿಯಲ್ಲಿ ಕೂತು ಚಿತ್ರಾನ್ನ ಮುಗಿಸಿ, ತಿಂದ ಕೈಯಲ್ಲೇ ಒಂದು ಕ್ಲಿಪ್ಪು ಕಚ್ಚಿಸಿ "ನಂದೂ ಒಂದು ಕೈ ಇರಲಿ" ಎಂದಿದ್ದರು.

ಸೆಟ್ಟು ಹಾಕಿದಾಗ, ತಂತಿ ಒಪ್ಪದೆ ಹಿಂದಕ್ಕೆ ತಳ್ಳಿದ್ದನ್ನು ತೋರಿಸುವ ಮೀಟರಿನ ಮುಳ್ಳು ಮಿಸುಕಲಿಲ್ಲ. ಎಲ್ಲವೂ ಹೊರಗೆ ಹೋಗುತ್ತಿತ್ತು. ಎರಡನೇ ಕೂಗಿಗೇ ಧಾರವಾಡದಿಂದ ಸುಘೋಷ ಎಂಬುವರು ಸಿಕ್ಕರು.

"ಮಾಸ್ಟ್ರೇ, ಗಂಟೆ ಹೊಡದಂಗ ಕೇಳ್ತದ. ಯಾವ ಆಂಟೆನಾರೀ? ಓವರ್."

"ಹೋಮ್ ಬ್ರೂ ಸುಘೋಷ್ ಅವರೇ. ನಾನೇ ಕೈಯಾರೆ ಮಾಡಿದ್ದು. ಇಲ್ಲಿ ತುಂಗೆಯ ದಡ, ತಂಪು ಗಾಳಿ, ನಮ್ಮ ಮನೆಯವರು ಸುಭದ್ರಮ್ಮ ಕಟ್ಟಿಕೊಟ್ಟ ಚಿತ್ರಾನ್ನ. ಓವರ್."

"ಭಾರೀ ಆತಲ್ಲ. ಒಬ್ರ ಕಟ್ಟೀರೇನು? ಓವರ್."

ಅಬ್ಬಾಸ್ ಕಾಲರ್ ಸರಿಮಾಡಿಕೊಂಡರು.

"ಒಬ್ಬ ಹೆಲ್ಪರ್ ಇದಾನೆ. ಓವರ್."

ಹೆಲ್ಪರ್ ಎಂದರೆ ಭದ್ರಾವತಿಯ ವರ್ಕ್‌ಶಾಪುಗಳಲ್ಲಿ ಸೀಮೆಎಣ್ಣೆಯಲ್ಲಿ ಬೇರಿಂಗ್ ತೊಳೆದು, ಟೀ ತಂದು, ನೆಲ ಗುಡಿಸುವವನು. ಅದನ್ನಾದರೂ ಅಬ್ಬಾಸ್ ನುಂಗುತ್ತಿದ್ದರೇನೋ. "ಇದಾನೆ" ಎಂಬುದು ಗಂಟಲಿಳಿಯಲಿಲ್ಲ. ಬರುವಾಗ ಮಾಸ್ಟರ ಕಾರಿನಲ್ಲಿ ದಾರಿಯುದ್ದಕ್ಕೂ "ಅಬ್ಬಾಸ್ ಭಾಯ್, ನೀವು" ಎಂದಿದ್ದ ಬಾಯಿ ಮೈಕು ಸಿಕ್ಕಿದ ಕೂಡಲೇ ಇಷ್ಟು ಹಗುರವಾಗಿತ್ತು.

"ಸಾರ್, ಹೆಸರು ಹೇಳ್ತೀನಿ ಅಂದಿದ್ರಿ."

"ಅಯ್ಯೋ ಮಾರಾಯ, ರೂಲ್ಸ್ ಇದೆ. ಲೈಸೆನ್ಸ್ ಇಲ್ಲದವರ ಹೆಸರನ್ನೆಲ್ಲ ಗಾಳಿಗೆ ಬಿಡೋ ಹಾಗಿಲ್ಲ."

"ಸುಭದ್ರಮ್ಮಾವ್ರಿಗೆ ಲೈಸೆನ್ಸ್ ಯಾವಾಗ ಬಂತು?"

ಮಾಸ್ಟರಿಗೆ ಕಿವಿಯ ಮೇಲೆ ಹೆಡ್‌ಫೋನು ಇತ್ತು. ಕೇಳಿಸಲಿಲ್ಲ, ಅಥವಾ ಕೇಳಿಸದಿರಲು ಅದು ಅನುಕೂಲವಾಗಿತ್ತು. "ಈಗ ಇಪ್ಪತ್ತು ಮೀಟರು. ಫಾರಿನ್. ಎರಡೂ ಕ್ಲಿಪ್ ಬಿಚ್ಚಿ" ಎಂದರು.

ಅಬ್ಬಾಸ್ ಕೋಲು ತಗ್ಗಿಸಿ ಬಲಗಡೆಯ ಕ್ಲಿಪ್ಪು ಬಿಚ್ಚಿದರು. ಎಡಗಡೆಯದರ ಹತ್ತಿರ ನಿಂತರು. ಬಿಚ್ಚದೆ ಬಿಟ್ಟರೆ ಸಾಕಿತ್ತು. ಒಂದು ಕಡೆ ಅರ್ಧ, ಇನ್ನೊಂದು ಕಡೆ ಪೂರ್ತಿ, ಮುಳ್ಳು ಮೇಲಕ್ಕೆ ಹಾರಿ ಸೆಟ್ಟು ಕೈಚೆಲ್ಲುತ್ತಿತ್ತು. ಮಾಸ್ಟರು ಫಾರಿನ್ನಿನವರ ಮುಂದೆ ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆದರೆ ಮುಳ್ಳು ಹಾರಿದರೆ ಮಾಸ್ಟರು ಬೈಯುವುದು ಜಾಯಿಂಟನ್ನು. "ಜಾಯಿಂಟ್ ಸರಿಯಿಲ್ಲ" ಎನ್ನುತ್ತಾರೆ. ತಂತಿಗೆ ಗಂಟು ಹಾಕಿದ ಮನುಷ್ಯ, ಈ ಜಾಯಿಂಟಿಗೆ ಹೆಸರಿಡುವುದು.

ಅಬ್ಬಾಸ್ ಕ್ಲಿಪ್ಪು ಬಿಚ್ಚಿದರು. ಅದರ ಹಲ್ಲುಗಳ ನಡುವೆ ಒಂದು ಸಾಸಿವೆ ಕಾಳು, ಸುತ್ತ ಅರಿಸಿನದ ಎಣ್ಣೆ. ಜೇಬು ತಡಕಿದರೆ ಬಟ್ಟೆಯಿರಲಿಲ್ಲ. ಬಿಳಿ ಶರ್ಟಿನ ಅಂಚನ್ನೇ ಎಳೆದು, ಒಂದೊಂದು ಹಲ್ಲನ್ನೂ ಉಜ್ಜಿ ಹೊಳೆಯುವಂತೆ ಮಾಡಿದರು. ಉಜ್ಜುತ್ತ ತಮ್ಮ ಮೇಲೆಯೇ ಅಸಹ್ಯಪಟ್ಟುಕೊಂಡರು. ಸೇಡು ತೀರಿಸಿಕೊಳ್ಳುವುದಕ್ಕೂ ಬರದ ಕೈ.

ಕೋಲು ಮೇಲೇರಿತು. ಸ್ವಲ್ಪ ಹೊತ್ತಿಗೆ ಕಜಕಸ್ತಾನದ ಒಬ್ಬರು ಸಿಕ್ಕರು. ಮಾಸ್ಟರ ಇಂಗ್ಲಿಷು ಬಯಲಿಗೆಲ್ಲ ಕೇಳಿಸುತ್ತಿತ್ತು. "ಹೋಮ್ ಬ್ರೂ. ಮೈ ಓನ್ ಹ್ಯಾಂಡ್ಸ್. ಓನ್ಲಿ ಒನ್ ಹೆಲ್ಪರ್."

ಹೊರಡುವಾಗ ಮಾಸ್ಟರು ತಂತಿಯನ್ನು ಒಗೆದ ಬಟ್ಟೆಯ ಹಗ್ಗದ ಹಾಗೆ ಮೊಣಕೈಗೆ ಸುತ್ತತೊಡಗಿದರು. ಅಬ್ಬಾಸ್ ಕಿತ್ತುಕೊಂಡು, ಒಂದೂ ಮುರಿ ಬೀಳದಂತೆ ಸುತ್ತಿ ಚೀಲಕ್ಕೆ ಹಾಕಿಕೊಟ್ಟರು. ಭದ್ರಾವತಿಯವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತರು.

ಜೈನಾಬಿ ಬಾಗಿಲಲ್ಲೇ ಕಾದಿದ್ದರು. ಮೊದಲು ಶರ್ಟಿನ ಅಂಚು ನೋಡಿದರು, ಆಮೇಲೆ ಮುಖ.

"ಹೇಳಿದ್ರಾ?"

"ಹೇಳಿದ್ರು."

"ಏನಂತ?"

"ಹೆಲ್ಪರ್ ಅಂತ."

ಜೈನಾಬಿ ಶರ್ಟಿಗೆ ಕೈ ಚಾಚಿದರು. "ಎಲ್ಲಿವರೆಗೆ ಕೇಳಿಸ್ತಂತೆ?"

"ಕಜಕಸ್ತಾನದವರೆಗೆ," ಎಂದರು ಅಬ್ಬಾಸ್, ಅರಿಸಿನ ಹತ್ತಿದ ಶರ್ಟು ಬಿಚ್ಚುತ್ತ. "ಒಂದಕ್ಷರ ಬಿಡದಂಗೆ. ಜಾಯಿಂಟು ಚೆನ್ನಾಗಿತ್ತಲ್ಲ."