ತಂಗಿ ಕಲಿತ ಮುಖ

ನನ್ನ ತಂಗಿ ಹುಟ್ಟಿದಾಗ ನನಗೆ ಒಂಬತ್ತು ವರ್ಷ. ಎರಡನೆಯ ಮಹಾಯುದ್ಧ ಇನ್ನೂ ಮುಗಿದಿರಲಿಲ್ಲ. ಸಿರುಗುಪ್ಪದ ನಮ್ಮ ಮನೆಗೆ ಅವಳು ನಾಲ್ಕನೆಯ ಹೆಣ್ಣು, ಹಾಗಾಗಿ ಓಣಿಗೆ ಸಕ್ಕರೆ ಹಂಚುವ ಉತ್ಸಾಹ ಯಾರಿಗೂ ಇರಲಿಲ್ಲ. ಎರಡು ತಿಂಗಳು ತುಂಬುತ್ತಲೇ ಅವ್ವ ಭತ್ತದ ಗದ್ದೆಗೆ ಕಳೆ ಕೀಳಲು ಹೊರಟಳು. ಹಾಲು ಕುಡಿಯುವ ಹೊತ್ತು ಬಿಟ್ಟರೆ ಕೂಸು ದಿನವಿಡೀ ನನ್ನ ಕಂಕುಳಲ್ಲಿ. ಹಿರಿಯವಳೆಂದು ನನ್ನನ್ನು ಸಾಲೆ ಬಿಡಿಸಿದರು. ಸುಳ್ಳೇಕೆ ಹೇಳಲಿ, ಮಗ್ಗಿ ಒಪ್ಪಿಸುವುದು ತಪ್ಪಿತೆಂದು ನನಗೆ ಖುಷಿಯೇ ಆಗಿತ್ತು.

ಕೂಸೊಂದು ಮುಖ ಕಲಿಯುವುದನ್ನು ನಾನು ನೋಡಿದ್ದು ಆಗ. ಮೊದಮೊದಲು ಅವಳು ನನ್ನ ಕಣ್ಣು ಮೂಗಿನ ಗೊಡವೆಗೇ ಬರುತ್ತಿರಲಿಲ್ಲ. ಹಣೆಯ ಮೇಲೆ ಕೂದಲು ಶುರುವಾಗುತ್ತದಲ್ಲ, ಆ ಅಂಚನ್ನೇ ನೋಡುತ್ತಿದ್ದಳು. ಒಂದು ದಿನ ತಮಾಷೆಗೆ ಅಪ್ಪನ ರುಮಾಲನ್ನು ತಲೆಗೆ ಸುತ್ತಿಕೊಂಡು ತೊಟ್ಟಿಲೊಳಗೆ ಬಗ್ಗಿದೆ. ನಗುತ್ತಿದ್ದವಳು ಥಟ್ಟನೆ ನಿಲ್ಲಿಸಿ, ಯಾರೋ ಸರಕಾರಿ ಮನುಷ್ಯ ಬಂದನೆಂಬಂತೆ ನನ್ನನ್ನು ದಿಟ್ಟಿಸಿದಳು. ರುಮಾಲು ತೆಗೆದೆ, ಮತ್ತೆ ನಗು. ನನಗೆ ಮೈಯೆಲ್ಲ ಉರಿದು ಹೋಯಿತು. ಸೊಂಟ ನೋಯುವಂತೆ ಹೊತ್ತವಳನ್ನು ಒಂದು ಬಟ್ಟೆಗೆ ಮರೆಯುವುದೆಂದರೇನು?

ಬಿಡಲಿಲ್ಲ ನಾನು. ನಾಲ್ಕು ದಿನಕ್ಕೊಮ್ಮೆ ರುಮಾಲು ಸುತ್ತಿ ಪರೀಕ್ಷೆ ಇಡುತ್ತಿದ್ದೆ, ಅವಳು ನಪಾಸಾಗುತ್ತಿದ್ದಳು. ಆರನೆಯ ತಿಂಗಳಿನಲ್ಲಿ ಒಂದು ಮಧ್ಯಾಹ್ನ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ, ಕೇಕೆ ಹಾಕಿ, ರುಮಾಲಿನ ತುದಿ ಹಿಡಿದು ಎಳೆದಳು. ಅವಳನ್ನೆತ್ತಿಕೊಂಡು ಗದ್ದೆಯವರೆಗೆ ಓಡಿದೆ.

“ಅವ್ವಾ, ರುಮಾಲು ಸುತ್ತಿದ್ರೂ ನನ್ನ ಗುರ್ತು ಹಿಡಿದ್ಲು!”

“ಹಿಡೀಲಿ ಬಿಡು,” ಎಂದಳು ಅವ್ವ, ಕೆಸರಿನಿಂದ ಕೈ ಎತ್ತದೆ. “ಅಕಿಗೇನು ಬ್ಯಾರೆ ಕೆಲ್ಸ ಐತಿ?”

ಅಲ್ಲಿಂದ ಮುಂದೆ ಹೊಸಬರ ಮುಖ ಕಂಡರೆ ಅವಳಿಗೆ ಅಳು. ಬಳೆಗಾರ ಬಂದರೆ ಅಳು, ಟಪಾಲಿನವ ಬಂದರೆ ಅಳು. ಬಳ್ಳಾರಿಗೆ ಹೋದ ಅಪ್ಪ ಮೀಸೆ ಬೋಳಿಸಿಕೊಂಡು ಬಂದು ಮೂರು ದಿನ ಮಗಳಿಂದ ಬಹಿಷ್ಕಾರ ಅನುಭವಿಸಿದ. ಊರಿಗೆಲ್ಲ ಹೆದರಿ ಅವಳು ಮುಖ ಹುದುಗಿಸುತ್ತಿದ್ದದ್ದು ನನ್ನ ಕುತ್ತಿಗೆಯಲ್ಲಿ. ನನ್ನ ಜಂಬಕ್ಕೆ ಆಗ ಮಿತಿ ಇರಲಿಲ್ಲ.

ಅವಳಿಗೆ ಒಂಬತ್ತು ತಿಂಗಳಾದಾಗ ಕುರುಗೋಡಿನಿಂದ ಅತ್ತೆ ಬಂದಳು. ಅಪ್ಪನ ಅಕ್ಕ, ಮಕ್ಕಳಿಲ್ಲದವಳು. ಹಿರಿಯರೆಲ್ಲ ಕೂತು ಮಾತಾಡಿ, ಕೂಸನ್ನು ಅವಳ ಉಡಿಗೆ ಹಾಕುವುದೆಂದು ತೀರ್ಮಾನ ಮಾಡಿದರು. ನನ್ನನ್ನು ಯಾರೂ ಕೇಳಲಿಲ್ಲ.

“ತಿಂಗಳೊಪ್ಪತ್ತು ನೀನೂ ಅಲ್ಲೇ ಇರು,” ಎಂದಳು ಅವ್ವ. “ಕೂಸು ಅಕಿ ಮುಖಕ್ಕ ಹೊಂದಿದ ಮ್ಯಾಲ ಬಂದುಬಿಡು.”

“ಹೊಂದದಿದ್ರ?”

“ಹೊಂದತೈತಿ.”

ನನ್ನ ಕೆಲಸ ಇಷ್ಟೇ: ದಿನದಿನಕ್ಕೆ ಕಣ್ಣಿಗೆ ಬೀಳುವುದನ್ನು ಕಡಿಮೆ ಮಾಡಿಕೊಂಡು, ಕೊನೆಗೆ ಇಲ್ಲವಾಗುವುದು. ಅತ್ತೆ ಕೂಸಿಗೆ ಹಾಲು ಕುಡಿಸುವಾಗ ನಾನು ಹಿತ್ತಲಿನಲ್ಲಿರಬೇಕು. ನಾನು ಹಿತ್ತಲಿಗೇನೋ ಹೋಗುತ್ತಿದ್ದೆ, ಆದರೆ ಕಿಟಕಿಯಲ್ಲಿ ಮುಖ ತೋರಿಸಿಬಿಡುತ್ತಿದ್ದೆ. ಕೂಸು ಬಟ್ಟಲನ್ನು ತಳ್ಳಿ ನನ್ನತ್ತ ಎರಡೂ ಕೈ ಚಾಚುತ್ತಿತ್ತು. ಅತ್ತೆಯ ನಾಲ್ಕು ದಿನದ ಪ್ರಯತ್ನ ನೀರುಪಾಲು. ಬೇಕೆಂತಲೇ ಮಾಡುತ್ತಿದ್ದೆ, ಅದರಲ್ಲಿ ಮುಚ್ಚುಮರೆ ಏನು.

ಮೂರನೆಯ ಸಲ ಸಿಕ್ಕಿಬಿದ್ದೆ. ಬೈಯುತ್ತಾಳೆ ಎಂದುಕೊಂಡರೆ ಅತ್ತೆ ಬಂದು ಒಗೆಯುವ ಕಲ್ಲಿನ ಮೇಲೆ ನನ್ನ ಪಕ್ಕ ಕೂತಳು.

“ನನಗ ಮೂರು ಕೂಸು ಹುಟ್ಟಿದ್ವು,” ಎಂದಳು. “ನನ್ನ ಮುಖ ನೋಡಿ ನಗೋತನಕ ಒಂದೂ ಉಳೀಲಿಲ್ಲವ್ವ.”

ಆಮೇಲೆ ನಾನು ಕಿಟಕಿಯ ಹತ್ತಿರ ಸುಳಿಯಲಿಲ್ಲ. ಒಳಗೆ ಕೂಸು ಅಳುವಾಗ ಎರಡೂ ಕಿವಿ ಮುಚ್ಚಿಕೊಂಡು, ಅತ್ತೆಯನ್ನೂ ಅವ್ವನನ್ನೂ ಮನಸ್ಸಿನಲ್ಲೇ ಶಪಿಸುತ್ತ ಕೂತಿರುತ್ತಿದ್ದೆ. ತಿಂಗಳ ಕೊನೆಗೆ ಬಾಗಿಲಿಗೆ ಯಾರೋ ಜೋಗಿ ಬಂದ. ಕೂಸು ಬೆದರಿತು. ನಾನು ಎದುರಿಗೇ ನಿಂತಿದ್ದೆ, ಕೈಯನ್ನೂ ಚಾಚಿದೆ. ಅವಳು ಮುಖ ಹುದುಗಿಸಿದ್ದು ಅತ್ತೆಯ ಕುತ್ತಿಗೆಯಲ್ಲಿ. ಮರುದಿನ ಅಪ್ಪ ಬಂಡಿ ಕಟ್ಟಿಕೊಂಡು ಬಂದು ನನ್ನನ್ನು ಕರೆದೊಯ್ದ.

ಅಲ್ಲಿಂದ ಒಂದು ವರ್ಷ ತುಂಬುವವರೆಗೆ ನಮ್ಮಲ್ಲಿ ಯಾರೂ ಕುರುಗೋಡಿಗೆ ಹೋಗಕೂಡದೆಂದು ಅಪ್ಪನ ಕಟ್ಟಪ್ಪಣೆ. ಆ ವರ್ಷವನ್ನು ಹೇಗೆ ಕಳೆದೆನೋ. ನೀರಿನ ಕೊಡ ಹೊತ್ತರೂ ಸೊಂಟ ಖಾಲಿ ಖಾಲಿ ಎನಿಸುತ್ತಿತ್ತು. ಕುರುಗೋಡಿನ ಕಡೆಯ ಬಂಡಿ ಬಂದಿದೆ ಎಂದರೆ ಓಡಿಹೋಗಿ, ನಮ್ಮ ಕೂಸನ್ನು ಕಂಡಿರಾ, ನಡೆಯುತ್ತಾಳಾ ಎಂದು ಕೇಳುತ್ತಿದ್ದೆ. ಪರ ಊರಿನ ಗಂಡಸರಿಗೆ ಯಾರ ಮನೆಯ ಕೂಸು ನಡೆದರೇನು, ಬಿದ್ದರೇನು? ನಕ್ಕು ಎತ್ತು ಬಿಚ್ಚಲು ಹೋಗುತ್ತಿದ್ದರು.

ಆ ನಡುವೆ ಅವ್ವ ನನಗೆ ಮೂಗು ಚುಚ್ಚಿಸಲು ಅಕ್ಕಸಾಲಿಗನನ್ನು ಕರೆಸಿದಳು. ನಾನು ಅಟ್ಟ ಹತ್ತಿ ಕೂತೆ. ಮೂಗುತಿ ಹಾಕಿದರೆ ಮುಖ ಬದಲಾಗುತ್ತದೆ, ಮುಖ ಬದಲಾದರೆ ಕೂಸಿಗೆ ಗುರುತು ಸಿಗುವುದಿಲ್ಲ ಎನ್ನುವುದು ನನ್ನ ಲೆಕ್ಕ. ಕಾರಣ ಮಾತ್ರ ಯಾರಿಗೂ ಹೇಳಲಿಲ್ಲ. ಮೊಂಡು ಹುಡುಗಿ ಎಂದು ಬೆನ್ನಿಗೆ ನಾಲ್ಕು ಬಿದ್ದವು. ಬೈತಲೆ ಬದಲಿಸಲಿಲ್ಲ, ಕುಂಕುಮವನ್ನು ಒಂದು ಎಳ್ಳಿನಷ್ಟೂ ದೊಡ್ಡದು ಮಾಡಲಿಲ್ಲ. ಇದ್ದ ಮುಖವನ್ನು ಇದ್ದ ಹಾಗೇ ಕಾಯ್ದುಕೊಂಡು ಕೂತೆ.

ವರ್ಷ ತುಂಬಿದ ಮೇಲೆ ಬಳ್ಳಾರಿಯಲ್ಲಿ ನೆಂಟರ ಮದುವೆ ಬಂತು. ಆಗ ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದವು, ದಾರಿಯುದ್ದಕ್ಕೂ ನಿಂತು ನಿಂತು. ಇಳಿಯುವಾಗ ನನ್ನ ಮುಖಕ್ಕೆಲ್ಲ ಮಸಿ. ಮದುವೆ ಮನೆಯ ಬಚ್ಚಲಿನಲ್ಲಿ ಮೂರು ಸಲ ಮುಖ ತೊಳೆದು ಹಜಾರಕ್ಕೆ ಬಂದೆ.

ಅತ್ತೆಯ ಸೆರಗು ಹಿಡಿದು ನಿಂತಿದ್ದಳು. ಕಾಲಿಗೆ ಗೆಜ್ಜೆ, ತಲೆ ತುಂಬ ಕೂದಲು. ಓಡಿಹೋಗಿ ಎತ್ತಿಕೊಳ್ಳಬೇಕು ಅನಿಸಿತು. ಆದರೂ ತಡೆದುಕೊಂಡು ಎರಡು ಮಾರು ದೂರದಲ್ಲೇ ಕುಕ್ಕರಗಾಲಿನಲ್ಲಿ ಕೂತೆ, ಚೆನ್ನಾಗಿ ನೋಡಲಿ ಎಂದು. ನೋಡಿದಳು. ಹಣೆ ನೋಡಿದಳು, ಕಣ್ಣು ನೋಡಿದಳು. ಕೆಳತುಟಿ ನಡುಗಿತು. ಚೀರಿ ಅತ್ತೆಯ ಸೀರೆಯೊಳಗೆ ಮುಖ ಮುಚ್ಚಿಕೊಂಡಳು.

“ಹೊಸಾ ಮುಖ ಕಂಡ್ರ ಹಿಂಗಾ ಮಾಡ್ತಾಳ,” ಎಂದುಬಿಟ್ಟು ಅತ್ತೆ ನಾಲಿಗೆ ಕಚ್ಚಿಕೊಂಡಳು. ಕೂಸನ್ನು ನನ್ನತ್ತ ತಿರುಗಿಸಿ, “ಅಂಜಬ್ಯಾಡವ್ವ, ನೋಡು, ನಿಮ್ಮ ಅಕ್ಕ…” ಎಂದು ಶುರು ಮಾಡಿದಳು.

“ಅಕ್ಕ ಅಲ್ಲ.” ನನ್ನ ಹಿಂದೆ ನಿಂತಿದ್ದ ಅವ್ವ ಹೇಳಿದಳು. “ಮಾವನ ಮಗಳು. ಅತ್ತಿಗಿ ಅನ್ನೋದು ಕಲಿಸ್ರಿ.”

ಅತ್ತೆಯ ಮಗಳಾದ ಮೇಲೆ ಸಂಬಂಧ ಇನ್ನೇನಾಗುತ್ತದೆ? ಅವ್ವ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಹೇಳಿದವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡುಗೆಯವರ ಕಡೆ ಹೋದಳು. ಊಟದ ಹೊತ್ತಿಗೂ ಹೊರಗೆ ಬರಲಿಲ್ಲ.

ಸಂಜೆಯ ಹೊತ್ತಿಗೆ ಕೂಸಿನ ಹೆದರಿಕೆ ಇಳಿದಿತ್ತು. ಅತ್ತೆ ಕೈಗೆ ಕೊಟ್ಟ ಬುಂದೇ ಉಂಡೆಯನ್ನು ಹಿಡಿದು ತಾನಾಗಿ ನನ್ನ ಹತ್ತಿರ ಬಂದಳು, ಅರ್ಧ ಮುರಿದು ಚಾಚಿ, ಕಲಿಸಿದ್ದನ್ನು ಒಪ್ಪಿಸಿದಳು: “ಅತ್ಗಿ.”

ನಾನು ಓಗೊಟ್ಟೆ. ಇವತ್ತಿಗೂ ಆ ಹೆಸರಿಗೇ ಓಗೊಡುತ್ತೇನೆ. ಅವಳಿಗೆ ಮೊಮ್ಮಕ್ಕಳಾಗಿವೆ, ಹಳೆಯದೆಲ್ಲ ಅವಳಿಗೆ ಗೊತ್ತು, ಆದರೆ ಬಾಯಿಗೆ ಕೂತ ಮಾತು ಕೂತುಬಿಟ್ಟಿದೆ. ನನಗೆ ವಯಸ್ಸಾಯಿತು, ಆಸೆಗಳೆಲ್ಲ ಒಂದೊಂದಾಗಿ ಹೋದವು. ಅವಳು ಒಂದೇ ಒಂದು ಸಲ ಅಕ್ಕಾ ಎಂದು ಕರೆಯಲಿ ಎನ್ನುವುದು ಮಾತ್ರ ಹೋಗಿಲ್ಲ.