ಚಲೋ ಎಂದರೆ ಯಾವ ಚಲೋ?

ಆಟೋ ಹತ್ತಿ ಕೂತು "ಚಲೋ" ಎನ್ನಲು ಈಚೆಗೆ ನನಗೆ ನಾಲಗೆ ಏಳುತ್ತಿರಲಿಲ್ಲ. ದೆಹಲಿಯಲ್ಲೇ ಹುಟ್ಟಿ ಬೆಳೆದು, ಕೂದಲು ನರೆತ ಮೇಲೆ ಇದೆಂಥ ರೋಗ ಎನ್ನಬೇಡಿ. ಆ ಎರಡಕ್ಷರ ನಮ್ಮ ನೋಯ್ಡಾದ ಮನೆಯಲ್ಲಿ ವ್ಯಾಜ್ಯಕ್ಕೆ ಬಿದ್ದಿತ್ತು. ವಾದಿ ನಾನು, ಪ್ರತಿವಾದಿ ನನ್ನ ಮಗಳು ಇಶಾ. ತೀರ್ಪು ಹೇಳಬೇಕಾದವಳು ನನ್ನ ಅವ್ವ. ಅವಳೋ ತೊಂಬತ್ತು ದಾಟಿ, ಹೋದ ಚಳಿಗಾಲದಲ್ಲಿ ತೀರಿಕೊಂಡಳು, ಮತ್ತು ವ್ಯಾಜ್ಯ ಇದ್ದದ್ದೇ ಅವಳ ಕಡೆಯ ಮಾತಿನ ಮೇಲೆ.

ಅವ್ವ ಧಾರವಾಡದವಳು. ಅಲ್ಲಿ ಚಲೋ ಎಂದರೆ ಒಳ್ಳೆಯದು. ಚಲೋ ಹುಡುಗಿ, ಚಲೋ ಬದನೆಕಾಯಿ, ಚಲೋ ಆತು. ದೆಹಲಿಯಲ್ಲಿ ಚಲೋ ಎಂದರೆ ನಡೆಯಿರಿ. ಸರ್ಕಾರಿ ಗುಮಾಸ್ತನ ಕೈಹಿಡಿದು ಆರ್.ಕೆ.ಪುರಂ ಕ್ವಾರ್ಟರ್ಸಿಗೆ ಬಂದ ಹೊಸ ಮದುವಣಗಿತ್ತಿಗೆ ಈ ಭೇದವನ್ನು ಯಾರೂ ಹೇಳಿರಲಿಲ್ಲ. ಬಸ್ಸಿನ ಕಂಡಕ್ಟರ್ ತಗಡು ಬಡಿದು ಚಲೋ ಚಲೋ ಎನ್ನುತ್ತಿದ್ದ, ಪೊಲೀಸಿನವನು ಲಾಠಿ ಎತ್ತಿಕೊಂಡೂ ಚಲೋ ಚಲೋ ಎನ್ನುತ್ತಿದ್ದ. ಅವ್ವನಿಗೆ ಊರಿನ ಮೇಲೆ ಪ್ರೀತಿ ಹುಟ್ಟಿಬಿಟ್ಟಿತು. ದಿಲ್ಲಿ ಮಂದಿ ಭಾಳ ತೃಪ್ತ ಮಂದಿ, ಸಿಟ್ಟು ಬಂದಾಗೂ ಚಲೋ ಅಂತಾರ ಎಂದು ತವರಿನಲ್ಲಿ ವರದಿ ಒಪ್ಪಿಸಿದಳಂತೆ.

ಅಪ್ಪ ಆಮೇಲೆ ವ್ಯತ್ಯಾಸ ಬಿಡಿಸಿ ಹೇಳಿದರು. ಅವರ ಚಲೋ ಅವರಿಗೆ, ನಮ್ಮ ಚಲೋ ನಮಗೆ ಎಂದ ಅವ್ವ ಸಾಯುವ ತನಕ ಬದಲಾಗಲಿಲ್ಲ.

ಬದಲಾದದ್ದು ಸುತ್ತಲಿನವರ ದಿನಚರಿ. ಒಮ್ಮೆ ಹತ್ತಿರದ ದೇವಸ್ಥಾನಕ್ಕೆಂದು ಆಟೋ ಹತ್ತಿದಳು. ಆಟೋದ ಭಯ್ಯಾ ಸಭ್ಯಸ್ಥ. ಪ್ರತಿ ತಿರುವಿನಲ್ಲೂ ಇಲ್ಲೇ ನಿಲ್ಲಿಸಲೇ ಎಂದು ಕೇಳಿದ. ಹಾದಿ ಹೇಗಿದೆ ಎಂದು ಕೇಳುತ್ತಿದ್ದಾನೆಂದು ಇವಳು ತಿಳಿದು, ಪ್ರತಿ ತಿರುವಿನಲ್ಲೂ ಮನಸಾರೆ ಚಲೋ, ಚಲೋ ಎಂದಳು. ಹಾಗೆ ಮೆಚ್ಚುತ್ತ ಮೆಚ್ಚುತ್ತ ಹರಿಯಾಣದೊಳಗೆ ಹೊಕ್ಕು ಮಾನೇಸರ್ ಮುಟ್ಟಿದಳು. ಕಾರಿನ ಕಾರ್ಖಾನೆಯೊಂದರ ಗೇಟಿನ ಮುಂದೆ, ತಟ್ಟೆಯಲ್ಲಿ ತೆಂಗಿನಕಾಯಿ ಹಿಡಿದು, ಗುಡಿ ಭಾಳ ದೊಡ್ಡದು ಕಟ್ಟ್ಯಾರ ಎಂದು ಕೈಮುಗಿದಳಂತೆ. ಸಂಜೆ ಭಯ್ಯಾ ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ, ಮಾತಾಜಿ ನಿಲ್ಲು ಅನ್ನಲೇ ಇಲ್ಲ ಎಂದು ಗೋಳಾಡಿದ. ಅವ್ವ ಅವನಿಗೆ ಇನ್ನೊಂದು ಚಕ್ಕುಲಿ ಹಾಕಿದಳು.

ಹಿಂದಿಯ ಚಲೋ ಸಂಸ್ಕೃತದ ಚಲನೆಯ ಕಡೆಯದು, ಧಾರವಾಡದ ಚಲೋ ನಮ್ಮ ಚೆಲುವಿನ ಬಳಗದ್ದು ಎಂಬುದು ನನ್ನ ಸ್ವಂತ ಸಂಶೋಧನೆ. ಪಂಡಿತರು ಒಪ್ಪಲಿಕ್ಕಿಲ್ಲ. ಒಪ್ಪದಿದ್ದರೆ ಅವರೇ ಚಲೋ, ಎಂದರೆ ನಡೆಯಬಹುದು.

ನೋಯ್ಡಾಕ್ಕೆ ಬಂದ ಮೇಲೆ ನಮ್ಮ ಸೊಸೈಟಿಯ ಭಜನಾ ಮಂಡಳಿ ಅವ್ವನ ಪಾಲಿಗೆ ಸಿಕ್ಕಿತು. ಮೊದಲ ದಿನವೇ ಒಬ್ಬಾಕೆ ಕಣ್ಣುಮುಚ್ಚಿ ಆಲಾಪ ಎತ್ತಿದ್ದಳು. ಅವ್ವ ತಲೆದೂಗಿ "ಚಲೋ! ಚಲೋ!" ಎಂದಳು. ಮಂಡಳಿಗೆ ಮಂಡಳಿಯೇ ಎದ್ದು ಚಪ್ಪಲಿ ಮೆಟ್ಟಿತು. ಗಾಯಕಿ ಕಣ್ಣು ಬಿಟ್ಟಾಗ ಎದುರಿಗೆ ಅವ್ವ ಮತ್ತು ದೇವರು ಇಬ್ಬರೇ. ಮುಂದೆ ಯಾರ ಹಾಡು ಉದ್ದವಾಗುವಂತೆ ಕಂಡರೂ ಹೆಂಗಸರು ಅವ್ವನನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದರು. ತನ್ನ ಸಂಗೀತಜ್ಞಾನಕ್ಕೆ ದೊರೆತ ಗೌರವ ಇದೆಂದು ಅವ್ವ ಕಡೆಯವರೆಗೂ ನಂಬಿದ್ದಳು.

ಇನ್ನು ಆ ಮಧ್ಯಾಹ್ನ. ಅವ್ವ ಎರಡು ದಿನದಿಂದ ಕಣ್ಣು ಬಿಟ್ಟಿರಲಿಲ್ಲ. ಮಂಚದ ಒಂದು ಬದಿಗೆ ನಾನು, ಇನ್ನೊಂದು ಬದಿಗೆ ಇಶಾ. ಸುಮ್ಮನೆ ಕೂರಲಾರದೆ, "ಅವ್ವಾ, ಹ್ಯಾಂಗಿದ್ದೀ?" ಎಂದು ಕೇಳಿದೆ. ಅವ್ವ ಕಣ್ಣು ತೆರೆದು, ಇಶಾಳನ್ನು ನೋಡಿ "ಚಲೋ" ಎಂದಳು.

ಇಶಾ ದಡಬಡಿಸಿ ಎದ್ದು ಅಜ್ಜಿಯ ಚಪ್ಪಲಿ ತರಲು ಬಾಗಿಲಿಗೆ ಓಡಿದಳು. ತರುವಷ್ಟರಲ್ಲಿ ಅವ್ವ ಹೋಗಿಬಿಟ್ಟಿದ್ದಳು.

ಚಪ್ಪಲಿ ಹಿಡಿದು ನಿಂತ ಮಗಳನ್ನು ನೋಡಿ ನನಗೆ ಅಳುವಿನ ನಡುವೆ ನಗು ಬಂತು. ಅವಳಿಗೆ ಬರಲಿಲ್ಲ. "ಅಜ್ಜಿ ನನ್ನನ್ನೇ ಕರೆದ್ರು ಮಮ್ಮಿ, ನಾನೇ ಲೇಟ್ ಮಾಡ್ದೆ" ಎಂದು ಅದೊಂದೇ ಮಾತು. ಅಲ್ಲ ಕಣೇ, ಚೆನ್ನಾಗಿದ್ದೇನೆ ಅಂದಳು ಎಂದು ನಾನು ತಿಂಗಳುಗಟ್ಟಲೆ ವಾದಿಸಿದೆ. ಹಾಗಿದ್ದರೆ ನನ್ನ ಮುಖ ಯಾಕೆ ನೋಡಿದರು ಎಂಬುದು ಅವಳ ಪಾಟೀಸವಾಲು. ಚಪ್ಪಲಿಯನ್ನು ಬಾಗಿಲಿನಿಂದ ಸರಿಸಲೂ ಬಿಡಲಿಲ್ಲ. ಆ ವ್ಯಾಜ್ಯವನ್ನು ಗೆಲ್ಲಲು ನಾನು ಯಾವ ಸುಳ್ಳನ್ನಾದರೂ ಹೇಳುತ್ತಿದ್ದೆ. ದುರದೃಷ್ಟಕ್ಕೆ ನನ್ನ ಕೈಯಲ್ಲಿದ್ದದ್ದು ನಿಜ, ಅದೂ ಅರ್ಧ.

ಮೊನ್ನೆ ಆರ್.ಕೆ.ಪುರಂನ ಹಳೆಯ ಕ್ವಾರ್ಟರ್ಸ್ ನೋಡಿ ಬರೋಣ ಎಂದು ಇಶಾಳೇ ಎಳೆದುಕೊಂಡು ಹೋದಳು. ಅವ್ವನ ಬಾಲ್ಕನಿಯಲ್ಲಿ ಯಾರದೋ ರಜಾಯಿ ಒಣಗುತ್ತಿತ್ತು. ಇಲ್ಲೇ ನಿಲ್ಲಿಸಲೇ ಎಂದು ಆಟೋದವನು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಇಶಾ ಬಾಲ್ಕನಿಯತ್ತ ನೋಡುತ್ತ "ಚಲೋ, ಚಲೋ" ಎಂದಳು. ಅಜ್ಜಿಯದೇ ರಾಗ. ಆಟೋ ಮುಂದೆ ಹೋಯಿತು.

ಯಾವ ಚಲೋ ಅಂದೆ ಎಂದು ಕೇಳಿದೆ.

"ಎರಡೂ, ಮಮ್ಮಿ. ಹಾದಿ ಚಲೋ ಅದ."

ಹಿಂದಿಯೋ ಇಂಗ್ಲಿಷೋ ಬೆರೆಸದೆ ಒಂದು ವಾಕ್ಯ ಮುಗಿಸದ ಹುಡುಗಿ, ಅಚ್ಚ ಧಾರವಾಡದ ಮಾತಿನಲ್ಲಿ ಅಂದಳು. ಮುಂದಿನ ತಿರುವಿನಲ್ಲಿ ಆಟೋದವನು ಮತ್ತೆ ಕೇಳಿದ. ಮಾನೇಸರ್ ಇನ್ನೂ ದೂರವಿತ್ತು. ಈ ಸಲ ಚಲೋ ಎಂದವಳು ನಾನು.