ಅವಿರೋಧ ಆಯ್ಕೆ

ಮೊನ್ನೆ ಸೈಟಿನಿಂದ ಮನೆಗೆ ಬಂದಾಗ ಅಡುಗೆಮನೆಯ ಕಟ್ಟೆಯ ಮೇಲೆ ನಮ್ಮ ನಗರ ಕೌನ್ಸಿಲ್‌ನ ಲಕೋಟೆ ಬಿದ್ದಿತ್ತು. ನಾನು ಗಣಿಯಲ್ಲಿ ಕಲ್ಲು ನೋಡುವವನು; ಎರಡು ವಾರ ಮರುಭೂಮಿಯಲ್ಲಿ, ಒಂದು ವಾರ ಪರ್ತ್‌ನಲ್ಲಿ. ಆ ಒಂದು ವಾರದ ಮೊದಲೆರಡು ದಿನ ನನ್ನನ್ನು ಯಾರೂ ಏನೂ ಕೇಳಬಾರದೆಂದು ಮನೆಯವರಿಗೆ ಗೊತ್ತು. ಕೌನ್ಸಿಲ್‌ಗೆ ಹೇಗೆ ಗೊತ್ತಾಗಬೇಕು? ಅದು ಕೇಳಿಯೇ ಬಿಟ್ಟಿತ್ತು: ವಾರ್ಡು, ಮೇಯರು ಎಲ್ಲ ಸೇರಿದಂತೆ ಊರಿನ ಆಡಳಿತ ನಡೆಯುವ ರೀತಿಯನ್ನು ಮರುಪರಿಶೀಲಿಸಬೇಕೆ, ಬೇಡವೆ? ಒಂದು ಚೌಕದಲ್ಲಿ ಗುರುತು ಹಾಕಿ ಅಂಚೆಗೆ ಹಾಕಿ.

ಗಮನಿಸಿ, ಬದಲಾಯಿಸಬೇಕೆ ಎಂದಲ್ಲ. ಬದಲಾಯಿಸುವುದರ ಬಗ್ಗೆ ಯೋಚಿಸಬೇಕೆ ಎಂದು. ಇಷ್ಟಕ್ಕೂ ಒಂದು ಮತದಾನವೇ ಎಂದು ನಿಮಗೆ ನಗು ಬರಬಹುದು. ನನಗೆ ಬರಲಿಲ್ಲ. ನಾಗರಾಜ್ ಅಂಕಲ್ ನೆನಪಾದರು, ಬೆರೆಸಿಟ್ಟ ಕಾಫಿ ಆರಿಹೋಯಿತು.

ಮೈಸೂರಿನ ನಾಗರಾಜ್ ಅಂಕಲ್ ನನಗಿಂತ ಮೊದಲೇ ಇಲ್ಲಿಯ ಗಣಿಗಳಲ್ಲಿ ದುಡಿದು ನಿವೃತ್ತರಾದವರು. ಪರ್ತ್‌ನ ವಿಲೆಟನ್ ಬಡಾವಣೆಯಲ್ಲಿ ನಮ್ಮ ಪುಟ್ಟ ಕನ್ನಡ ಸಂಘ ಕಟ್ಟಿದವರೂ ಅವರೇ, ಅಂದಿನಿಂದ ಅಧ್ಯಕ್ಷರೂ ಅವರೇ. ಪ್ರತಿ ವರ್ಷ ಅವಿರೋಧ ಆಯ್ಕೆ. ಇದು ನಮ್ಮ ದೊಡ್ಡ ಹೆಮ್ಮೆ. ಎಲೆಕ್ಷನ್ ಎಂದರೆ ಜಗಳ, ಜಗಳ ಎಂದರೆ ಎರಡು ಸಂಘ, ಎರಡು ಸಂಘ ಎಂದರೆ ಎರಡೆರಡು ಯುಗಾದಿ. ಒಂದು ಯುಗಾದಿಗೇ ಜನ ಸೇರಿಸುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಕಾರ್ಯದರ್ಶಿಯಾಗಿದ್ದವನು ಬ್ರಿಸ್ಬೇನ್‌ನ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಕೆಲಸ ಸಿಕ್ಕಿತೆಂದು ಹೊರಟುಹೋದ ಮೇಲೆ ಅವನ ಪಾಲಿನ ಕೆಲಸವೂ ಅಂಕಲ್ ತಲೆಗೇ ಬಂತು. ಹಾಲ್ ಗೊತ್ತು ಮಾಡುವುದು, ಮೈಕ್ ತರುವುದು, ಕುರ್ಚಿ ಜೋಡಿಸುವುದು, ಕೊನೆಗೆ ನೆಲ ಒರೆಸಿ ಬೀಗ ಹಾಕುವುದು.

ನಾವೇನು ಮಾಡುತ್ತಿದ್ದೆವು? ಊಟ ಮುಗಿಸಿ ಕಾರ್ ಪಾರ್ಕಿನಲ್ಲಿ ನಿಂತು ಗೊಣಗುತ್ತಿದ್ದೆವು. “ಇನ್ನೆಷ್ಟು ವರ್ಷ ಇವರೇ ಕೂತಿರ್ತಾರೆ? ರೂಲ್ಸ್ ಬದಲಾಯಿಸ್ಬೇಕು ಗುರು.” ಹೀಗೆ ಹೆಚ್ಚು ಗೊಣಗುತ್ತಿದ್ದವನು ನಾನೇ ಎಂದು ಒಪ್ಪಿಕೊಳ್ಳಲು ಈಗ ನಾಚಿಕೆಯಿಲ್ಲ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ಆ ಹೊತ್ತಿಗೆ ಅಡಿಲೇಡ್‌ನಲ್ಲಿ ಅಂಕಲ್ ಮಗಳಿಗೆ ಹೆಣ್ಣುಮಗುವಾಗಿತ್ತು. ಅಲ್ಲಿಗೇ ಬಂದುಬಿಡಿ ಎಂದು ಮಗಳು, ಅಳಿಯ ಕೋಣೆಯನ್ನೂ ಸಿದ್ಧ ಮಾಡಿಟ್ಟಿದ್ದರು. ಅಂಕಲ್ ದೀಪಾವಳಿ ಮುಗಿಯಲಿ ಅನ್ನುವರು. ದೀಪಾವಳಿ ಮುಗಿದರೆ ಯುಗಾದಿ ಮುಗಿಯಲಿ ಅನ್ನುವರು. “ಮೊಮ್ಮಗು ಮಾತು ಕಲಿಯೋ ಟೈಮಲ್ಲಿ ನಾವಿಲ್ಲಿ ಕುರ್ಚಿ ಜೋಡಿಸ್ತಿದೀವಿ ನೋಡಪ್ಪ,” ಎಂದು ಅವರ ಹೆಂಡತಿ ಸರೋಜಾ ಆಂಟಿ ಪಲ್ಯ ಬಡಿಸುತ್ತಾ ನಗುತ್ತಿದ್ದರು. ನಾವೂ ನಗುತ್ತಿದ್ದೆವು. ಪಲ್ಯ ಚೆನ್ನಾಗಿರುತ್ತಿತ್ತು.

ಒಂದು ಯುಗಾದಿಯ ದಿನ ಊಟಕ್ಕೆ ಮೊದಲು ಅಂಕಲ್ ಎದ್ದು ನಿಂತು ಎಲ್ಲರಿಗೂ ಒಂದೊಂದು ಚೀಟಿ ಹಂಚಿದರು. “ಸಂಘ ನಡೆಸೋ ರೀತಿ ಬಗ್ಗೆ ಮತ್ತೆ ಯೋಚನೆ ಮಾಡ್ಬೇಕಾ, ಬೇಡ್ವಾ? ಅಧ್ಯಕ್ಷರು ಎಷ್ಟು ವರ್ಷ ಇರ್ಬೇಕು ಅನ್ನೋದೂ ಸೇರಿ. ಹೆಸರು ಹಾಕ್ಬೇಡಿ. ಬೇಕು ಇಲ್ಲಾ ಬೇಡ, ಅಷ್ಟೇ ಬರೀರಿ.”

ಪಕ್ಕದಲ್ಲಿದ್ದ ಸಾಫ್ಟ್‌ವೇರ್ ರವಿ ನನ್ನ ಕಿವಿಯಲ್ಲಿ, “ನಾವು ಮಾತಾಡಿದ್ದನ್ನ ಯಾರೋ ಹೇಳ್ಬಿಟ್ಟಿದಾರೆ. ಅಂಕಲ್ ಟೆಸ್ಟ್ ಮಾಡ್ತಿದಾರೆ ಕಣೋ,” ಎಂದ. ಇರಬಹುದು ಅನ್ನಿಸಿತು. ನಮ್ಮ ಜನ ನಿಮಗೆ ಗೊತ್ತಲ್ಲ. ಹಿರಿಯರು ಏಳಲು ಹೋದರೆ ಭುಜ ಹಿಡಿದು ಕೂರಿಸುತ್ತೇವೆ, ಅವರಿಗೆ ನಿಜವಾಗಿ ಏಳಬೇಕಾಗಿದೆಯೇ ಎಂದು ಕೇಳುವುದಿಲ್ಲ. ನಾನು ಅಂಗೈಯಿಂದ ಮರೆಮಾಡಿಕೊಂಡು ‘ಬೇಡ’ ಎಂದು ಬರೆದೆ.

ಎಣಿಸುವ ಕೆಲಸ ನನಗೇ ಬಂತು. ಐವತ್ತೆಂಟು ಚೀಟಿ. ಬೇಡ, ಬೇಡ, ಬೇಡ. ನಡುವೆ ಎಲ್ಲೋ ಒಂದು ‘ಬೇಕು’. ಫಲಿತಾಂಶ ಹೇಳುತ್ತಿದ್ದಂತೆ ಚಪ್ಪಾಳೆಯೋ ಚಪ್ಪಾಳೆ. ಯಾರೋ ಅಂಕಲ್‌ಗೆ ಶಾಲು ಹೊದಿಸಿಯೂ ಬಿಟ್ಟರು. ಆ ಒಂದು ಚೀಟಿ ಬರೆದ ಮಹಾನುಭಾವ ಯಾರೆಂದು ಒಬ್ಬರ ಮುಖ ಒಬ್ಬರು ನೋಡಿದರು. ರವಿ ನನ್ನನ್ನು ದಿಟ್ಟಿಸಿ ನೋಡಿದ. ದೇವರಾಣೆಗೂ ನಾನಲ್ಲ ಎಂದೆ.

ಎಲ್ಲರೂ ಹೋದ ಮೇಲೆ ನಾನೂ ಅಂಕಲ್ಲೂ ಕುರ್ಚಿ ಪೇರಿಸುತ್ತಿದ್ದೆವು. ಶಾಲು ಇನ್ನೂ ಹೆಗಲ ಮೇಲಿತ್ತು.

“ಆ ಒಂದು ಚೀಟಿ ನಂದೇ ಕಣಪ್ಪ,” ಎಂದರು.

ನನ್ನ ಕೈಯಲ್ಲಿದ್ದ ಕುರ್ಚಿ ಅಲ್ಲೇ ನಿಂತಿತು. “ಬಿಟ್ಬಿಡ್ತೀನಿ ಅಂತ ಬಾಯ್ಬಿಟ್ಟು ಹೇಳ್ಬೋದಿತ್ತಲ್ಲ ಅಂಕಲ್?”

“ಹೇಳಿದ್ರೆ ನೀವೆಲ್ಲ ಬೇಡ ಅಂಕಲ್ ಅಂತೀರ. ನಾನು ಸರಿ ಅಂತೀನಿ. ಎಷ್ಟು ಸಲ ಆಗಿಲ್ಲ ಹೀಗೆ? ಚೀಟೀಲಾದ್ರೂ ನಿಜ ಬರೀತೀರೇನೋ ಅಂದ್ಕೊಂಡೆ.” ಹೆಗಲ ಶಾಲು ತೆಗೆದು ಮಡಿಸುತ್ತಾ, “ನಿಮ್ಮ ಆಂಟೀನೂ ಬೇಡ ಅಂತಲೇ ಬರೆದಿದಾಳಲ್ಲಪ್ಪ! ನಂಗೆ ಅಧ್ಯಕ್ಷಗಿರಿ ಅಂದ್ರೆ ಪ್ರಾಣ ಅಂದ್ಕೊಂಡಿದಾಳೆ. ಯಾರಿಗೂ ಹೇಳ್ಬೇಡ,” ಎಂದು ನಕ್ಕರು. ಅಷ್ಟು ದಣಿದ ನಗುವನ್ನು ನಾನು ನೋಡಿರಲಿಲ್ಲ.

ಯಾರಿಗೂ ಹೇಳಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಹೇಳಿದರೆ ಆ ಬೀಗದ ಕೈ ನನ್ನ ಕೈಗೆ ಬರುತ್ತದೆಂಬ ಭಯ. ಹೀಗೆ ಇನ್ನೂ ಮೂರು ವರ್ಷ ಕಳೆದವು. ಕೊನೆಗೆ ಯಾವ ಮತದಾನವೂ ಇಲ್ಲದೆ ಆಂಟಿಯ ಮಂಡಿನೋವೇ ತೀರ್ಮಾನ ಮಾಡಿತು. ಇಬ್ಬರೂ ಅಡಿಲೇಡ್‌ಗೆ ಹೊರಟರು. ಸಂಘವೇನೂ ಒಡೆಯಲಿಲ್ಲ. ಸದರ್ನ್ ರಿವರ್ ಬಡಾವಣೆಯ ಇಬ್ಬರು ಹುಡುಗಿಯರು ನಮಗಿಂತ ಚೆನ್ನಾಗಿ ನಡೆಸುತ್ತಿದ್ದಾರೆ. ಮೊದಲೇ ಕೇಳಿದ್ದರೆ ಮೊದಲೇ ಒಪ್ಪುತ್ತಿದ್ದರಂತೆ.

ಲಕೋಟೆ ಒಡೆದ ದಿನವೇ ಅಡಿಲೇಡ್‌ಗೆ ಫೋನ್ ಮಾಡಿದೆ. ಮೊಮ್ಮಗಳು ಎತ್ತಿಕೊಂಡಳು.

“ಪುಟ್ಟಿ, ತಾತ ಇದಾರಾ?”

“ಯಾ, ಹೀ ಈಸ್ ಔಟ್ ದ ಬ್ಯಾಕ್. ತಾತಾ! ಫೋನ್!”

ಅಂಕಲ್ ಹಿತ್ತಲಿನಿಂದ ಏದುಸಿರು ಬಿಡುತ್ತಾ ಬಂದರು. “ಅರ್ಥ ಎಲ್ಲಾ ಆಗುತ್ತೆ ಕಣಪ್ಪ ಅವಳಿಗೆ. ತಿರುಗಿ ಮಾತಾಡೋದು ಮಾತ್ರ ಇಂಗ್ಲಿಷೇ. ನಾವು ಬರೋ ಹೊತ್ತಿಗೆ ಸ್ಕೂಲಿಗೆ ಸೇರ್ಬಿಟ್ಟಿದ್ಲು ನೋಡು.” ದೂರು ಅವರ ದನಿಯಲ್ಲಿರಲಿಲ್ಲ. ಇದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

“ಅಂಕಲ್, ಅವತ್ತು ನಾನೂ ಬೇಡ ಅಂತಲೇ ಬರೆದಿದ್ದೆ,” ಎಂದುಬಿಟ್ಟೆ.

“ಗೊತ್ತು ಕಣಪ್ಪ. ಬೇಕು ಅಂತ ಒಂದೇ ತಾನೇ ಬಂದಿದ್ದು?”

ಐವತ್ತೆಂಟನ್ನೂ ಎಣಿಸಿದವನು ನಾನು. ಅವರಿಗೆ ಗೊತ್ತಿರುತ್ತದೆ ಎಂಬುದು ಇಷ್ಟು ವರ್ಷ ನನಗೆ ಹೊಳೆದಿರಲೇ ಇಲ್ಲ. ಗೊತ್ತಿದ್ದೂ ಅವರು ಪ್ರತಿ ಹಬ್ಬದ ಬೆಳಿಗ್ಗೆ ಶುಭಾಶಯ ಹೇಳಲು ಮೊದಲು ನನಗೇ ಫೋನ್ ಮಾಡುತ್ತಿದ್ದರು.